ಯಮನೂರಗ, ಕೈ ತೊಳಿಯೂ ಮುಂಚೆ

ಯಮನೂರಾ, ಆ ಡಬ್ಬಿ ಕೆಳಗಿಡು.
ಪೆಟ್ರೋಲಿನಾಗ ಕೈ ತೊಳೀಬ್ಯಾಡ.
ಮಸಿ ಹೋಗತೈತಿ, ಖರೆ, ಒಂದ ಕ್ಷಣದಾಗ ಹೋಗತೈತಿ,
ಅದರ ಕೂಡ ಚರ್ಮದ ಜಿಡ್ಡೂ ಹೋಗತೈತಿ.
ಆಮ್ಯಾಲೆ ಅಂಗೈ ಎರಿ ಹೊಲದಂಗ ಬಿರಕ ಬಿಡತೈತಿ.
ನೀ ನರಗುಂದದಾಂವ, ನಿನಗ ಹೇಳಬೇಕೇನು
ಬ್ಯಾಸಗಿಯೊಳಗ ಆ ಬಿರಕಿನಾಗ ಏನೇನು ಇಳೀತೈತಿ ಅಂತ.

ಮೊದಲ ಪಾಠ ತೊಳಿಯೂದಲ್ಲ.
ಮೊದಲ ಪಾಠ ಮುಂಜಾನೆ, ಶಟರ ಎತ್ತಿದ ಕೂಡಲೆ:
ಹಸಿ ಸಬಕಾರದ ಮ್ಯಾಲೆ ಹತ್ತೂ ಉಗುರು ಗೀರು,
ಬೆಕ್ಕು ಕಂಬಾ ಗೀರಿದಂಗ.
ಉಗುರಿನ ಮನಿಯಾಗ ಬಿಳೇದು ತುಂಬಿದ್ರ
ಕರೇದು ಬಂದು, ಬಾಗಲಾ ಬಡದು, ಹೊಳ್ಳಿ ಹೋಗತೈತಿ.
ಎರಡು ಹನಿ ಕೊಬ್ಬರಿ ಎಣ್ಣಿ, ಬೆರಳ ಸಂದಿಗೆ, ಗೆಣ್ಣಿಗೆ.

ಉಂಗುರ ಇದ್ರ ಬಿಚ್ಚಿ ಆ ಮೊಳಿಗೆ ಹಾಕು.
ನಿನಗಿಲ್ಲ, ಗೊತ್ತೈತಿ. ಇವತ್ತಿಲ್ಲ.
ನನ್ನ ಉಸ್ತಾದ ದಾವಲಸಾಬರು
ಅಂಬಾಸಿಡರ ಬ್ಯಾಟರಿಗೆ ಪಾನಾ ಹಚ್ಚಿದ್ರು.
ಒಂದು ಕಡೆ ಪಾನಾ, ಒಂದು ಕಡೆ ಬಾಡಿ,
ನಡುವ ಮದವಿ ಬೆಳ್ಳಿ.
ಬೆಳ್ಳಿ ಹೋತು, ಬೆರಳು ಉಳೀತು,
ಬೆರಳಿನ ಸುತ್ತ ಒಂದು ಬಿಳೇ ಗೆರಿ ಉಳೀತು.
ಅವರ ಹೆಂಡತಿ ನಗತಿದ್ರಂತ:
ಇದನ್ನ ಇನ್ನ ಬಿಚ್ಚಾಕ ಬರಂಗಿಲ್ಲ ನೋಡ್ರಿ.

ಗ್ಲೌಸು ತಂದೀನಿ, ನೀಲಿವು, ಕಪಾಟಿನಾಗ ಅದಾವು.
ನಾ ಹಾಕ್ಕೊಳ್ಳಂಗಿಲ್ಲ ಅಂತ ನೀ ನಗತಿ.
‘ಕೈಗೆ ಚಾದರ ಹೊಚ್ಚಿದ್ರ ನಟ್ಟು ಮಾರಿ ತೋರಸಂಗಿಲ್ಲ’
ಅಂತಿದ್ರು ದಾವಲಸಾಬರು. ಅದು ಕಾರ್ಬುರೇಟರ ಕಾಲದ ಮಾತು.
ನೀ ಹಾಕ್ಕೋ. ನಾನೂ ಹಾಕ್ಕೋತೀನಿ, ನಾಳಿಂದ.
ಬೆಲ್ಟು ತಿರಗತಿದ್ರ ಮಾತ್ರ ಬಿಚ್ಚು.
ತಿರುಗೂದರ ಹತ್ರ ರಬ್ಬರು ಬ್ಯಾಡ, ದಾರ ಬ್ಯಾಡ,
ಕೈನೂ ಬ್ಯಾಡ.

ಇದನ್ನೆಲ್ಲಾ ಅರ್ಧಾ ಅವರ ಕಡೆ ಕಲತೆ.
ಅರ್ಧಾ ನಮ್ಮವ್ವನ ಕಡೆ.

ಬೆಟಗೇರಿಯಾಗ ನಮ್ಮದು ಮಗ್ಗದ ಮನಿ.
ನಾ ಗ್ಯಾರೇಜ ಸೇರಿದ ವರ್ಷ, ದೀಪಾವಳಿ ಮುಂದ,
ಹಾಸು ಕೆಚ್ಚಾಕ ಮಂದಿ ಸಿಗಲಿಲ್ಲ.
ಮೂರು ಸಾವಿರ ಎಳಿ. ಹಳೇ ತುದಿಗೆ ಹೊಸಾ ತುದಿ,
ಬೂದಿ ಹಚ್ಚಿದ ಎರಡು ಬೆರಳಾಗ ಹೊಸೀಬೇಕು.
ಸಣ್ಣಂವಿದ್ದಾಗ ನಿದ್ದಿಗಣ್ಣಾಗ ಹೊಸೀತಿದ್ದೆ.
ಅವತ್ತು ಕುಂತೆ.
ಮೊದಲನೇ ಎಳಿ ಹೆಬ್ಬಟ್ಟಿಗೆ ಸಿಕ್ಕೊಂತು.
ಎರಡನೇದು ಹರೀತು.
ಮೂರನೇದಕ್ಕ ಒಂದು ಕರೇ ಚುಕ್ಕಿ.
ಅವ್ವ ಬೈಲಿಲ್ಲ. ಸಂತ್ಯಾಗ ಬದನಿಕಾಯಿ ಹುಳಕ ನೋಡಿದಂಗ
ನನ್ನ ಕೈ ತಿರುವಿ ನೋಡಿದ್ಲು.
‘ಏಳಪಾ’ ಅಂದ್ಲು. ಅಷ್ಟ.
ರಾತ್ರಿ ಪೂರಾ ಒಬ್ಬಾಕಿನ ಕೆಚ್ಚಿದ್ಲು.
ಮುಂಜಾನೆ ತಲಿದಿಂಬಿನ ಹತ್ರ ಎಣ್ಣಿ ಬುದ್ದಲಿ ಇತ್ತು.

ಅವತ್ತಿನಿಂದ ದಿನಾ ಸಂಜಿಗೆ ಕೈ ಚಾಚತೀನಿ.
ಒಂದು ತುಂಡು ರೇಷ್ಮಿ ಎಳಿ ಅಂಗೈ ಮ್ಯಾಲೆ ಎಳೀತಾಳ.
ಸಿಕ್ಕೊಂಡ್ರ, ಹೋಗು, ಇನ್ನೊಮ್ಮೆ ತೊಳಿ.
ಜಾರಿದ್ರ ರೊಟ್ಟಿ.
ಹದಿನಾಲ್ಕು ವರ್ಷ ಆತು.
ಎಷ್ಟು ಸಲ ಜಾರಿತು ಅಂತ ಕೇಳಬ್ಯಾಡ.
ಈಗ ಆಕಿ ಎಳಿ ನೋಡಂಗೂ ಇಲ್ಲ, ಕಿವಿ ಕೊಡತಾಳ.
ರೇಷ್ಮಿ ಚರ್ಮಕ್ಕ ಸಿಕ್ಕಾಗ ಒಂದು ಸಪ್ಪಳ ಆಗತೈತಂತ.
ನನಗ ಅದು ಇನ್ನೂ ಕೇಳಿಲ್ಲ,
ಇಂಜಿನ್ನಿನ ಒಳಗಿಂದು ಎಲ್ಲಾ ಕೇಳತೈತಿ.

ಹೋದ ವಾರ ನಲವತ್ತು ಎಳಿ ಕೆಚ್ಚಾಕ ಕೊಟ್ಲು.
ಅಂಚಿನ ಕಡಿವು.
ಮೂವತ್ತೇಳು ನಿಂತಾವು.

ಬಾ, ಇಲ್ಲೆ ಕೈ ಚಾಚು. ನೀರು ಇನ್ನೂ ಬ್ಯಾಡ,
ನೀರು ಮೊದಲ ಬಿದ್ರ ಜಿಡ್ಡು ಹಟಾ ಹಿಡೀತೈತಿ.
ಒಂದು ಚಮಚ ಎಣ್ಣಿ, ಒಂದು ಚಮಚ ಸಕ್ರಿ,
ಒಣಾ ಕೈಲೆ ತಿಕ್ಕಬೇಕು, ಸಕ್ರಿ ಕರಗೂತನಾ.

ಸಕ್ರಿ ಮುಗದೈತೇನು?
ಚಾದಂಗಡಿ ಬಸಲಿಂಗಪ್ಪನ ಕಡೆ ಇಸ್ಕೊಂಡ ಬಾ.
ಬಾಗಲಾ ಮೊಣಕೈಲೆ ದೂಡು.
ಯಾಕಂತ ಕೇಳಿದ್ರ
ಚಾಕ್ಕ ಅಂತ ಹೇಳು.